ಜಾತ್ರೆಯ ಬಯಲಿಗೂ ಬನ್ನಿ: ವಿಜ್ಞಾನದ ಬಸ್ಸಿನವರಿಗೊಂದು ಬಹಿರಂಗ ಪತ್ರ

ವಿಜ್ಞಾನದ ಬಸ್ಸನ್ನು ಊರೂರಿಗೆ ತರುವ ಎಲ್ಲರಿಗೂ, ಸ್ಟೇರಿಂಗ್ ಹಿಡಿದವರಿಗೆ, ಮಾದರಿಗಳ ಪಕ್ಕ ನಿಂತು ದಿನವಿಡೀ ವಿವರಿಸುವ ತಮ್ಮ ತಂಗಿಯರಿಗೆ, ಯಾವ ದಿನ ಯಾವ ಶಾಲೆ ಎಂದು ಪಟ್ಟಿ ಮಾಡುವ ಅಧಿಕಾರಿಗಳಿಗೆ, ನಮಸ್ಕಾರಗಳು.

ನಾನು ಬಾದಾಮಿ ಸೀಮೆಯ ಹೈಸ್ಕೂಲುಗಳಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದ ಮಾಸ್ತರ. ಈಗ ನಿವೃತ್ತ. ನನ್ನ ನೌಕರಿಯ ಕಾಲದಲ್ಲಿ ಇಂಥ ಬಸ್ಸು ನಮ್ಮ ಶಾಲೆಗೆ ಬಂದದ್ದು ನಾಲ್ಕು ಸಲ. ನಾಲ್ಕು ಸಲವೂ ನನಗದು ಹಬ್ಬವೇ ಆಗಿತ್ತು. ಹಿಂದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಕಪ್ಪು ಹಲಗೆಯ ಮೇಲೆ ನಾನು ಸೀಮೆಸುಣ್ಣದಲ್ಲಿ ಬರೆದು ಬರೆದು ಸೋತದ್ದನ್ನು ನಿಮ್ಮ ಒಂದು ಗುಂಡಿ ಒತ್ತಿ ಮಕ್ಕಳು ಕಣ್ಣಾರೆ ಕಾಣುತ್ತಿದ್ದರು. ಆ ಋಣ ನನ್ನ ಮೇಲಿದೆ. ಹಾಗಿದ್ದೂ ಈ ಪತ್ರ ಬರೆಯುತ್ತಿರುವುದು ಕೊನೆಯ ಸಲದ ಸಂಜೆಯೊಂದರ ಕಾರಣಕ್ಕೆ.

ಐದು ಗಂಟೆ ಆಗಿತ್ತು. ಹತ್ತಿ ಬಿಡಿಸಿ ಹೊಲದಿಂದ ಮರಳುತ್ತಿದ್ದ ಏಳೆಂಟು ಹೆಣ್ಣುಮಕ್ಕಳು ಶಾಲೆಯ ಗೇಟಿನ ಹತ್ತಿರ ನಿಂತರು. ಅವರಲ್ಲಿ ಒಬ್ಬಾಕೆ ಬಸ್ಸಿನ ಕಡೆ ಕೈ ಮಾಡಿ, "ಅದರೊಳಗ ಏನೈತ್ರಿ ಮಾಸ್ತರ?" ಎಂದಳು. ವಿಜ್ಞಾನದ ಪ್ರದರ್ಶನ ಅಂದೆ. "ಸಾಲಿ ಹುಡುಗರಿಗೆ ಅಷ್ಟ ಏನ್ರಿ? ನಾವು ನೋಡಬಾರದೇನು?" ನಾನು ತಿರುಗಿ ನೋಡುವಷ್ಟರಲ್ಲಿ ಬಸ್ಸಿನ ಪಕ್ಕದ ಬಾಗಿಲುಗಳನ್ನು ಇಳಿಸುತ್ತಿದ್ದರು. ಕತ್ತಲಾಗುವುದರೊಳಗೆ ಅವರು ಮುಂದಿನ ಊರು ಸೇರಬೇಕಿತ್ತು. "ಟೈಮ್ ಆತವ್ವಾ" ಅಂದೆ. ಆಕೆ ಮರುಮಾತಾಡಲಿಲ್ಲ. ತಲೆಯ ಮೇಲಿನ ಬುತ್ತಿಯ ಗಂಟು ಸರಿಮಾಡಿಕೊಂಡು ನಡೆದುಹೋದಳು. ಆಕೆಯ ಮಗಳು ನನ್ನ ಎಂಟನೆಯ ತರಗತಿಯಲ್ಲಿದ್ದಳು. ಆ ಹುಡುಗಿ ಅಂದು ನಿರ್ವಾತದಲ್ಲಿ ಗಂಟೆಯ ಸದ್ದು ಕೇಳಿಸದಿರುವುದನ್ನು ನೋಡಿದ್ದಳು. ಮನೆಗೆ ಹೋಗಿ ಅವ್ವನಿಗೆ ಹೇಳಿದಳೋ ಇಲ್ಲವೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ನಾನು ನಿಮ್ಮಲ್ಲಿ ಕೇಳುವುದು ಒಂದೇ. ಜಾತ್ರೆಗೆ ಬನ್ನಿ. ರಾತ್ರಿ ಬನ್ನಿ.

ನಮ್ಮ ಬನಶಂಕರಿ ಜಾತ್ರೆಯನ್ನು ನೀವು ಕೇಳಿರುತ್ತೀರಿ. ಬಾದಾಮಿಯ ಪಕ್ಕ ಚೊಳಚಗುಡ್ಡದಲ್ಲಿ, ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು. ತೇರು ಎಳೆದ ಮೇಲೂ ಜಾತ್ರೆ ಏಳುವುದಿಲ್ಲ, ವಾರಗಟ್ಟಲೆ ನಿಲ್ಲುತ್ತದೆ. ನಾಟಕ ಕಂಪನಿಗಳು ಸಾಲಾಗಿ ತಗಡಿನ ಥಿಯೇಟರು ಕಟ್ಟಿ ರಾತ್ರಿಯಿಡೀ ಆಟ ಆಡುತ್ತವೆ. ಮನೆ ಕಟ್ಟುವವರು ಬಾಗಿಲು ಚೌಕಟ್ಟು ಕೊಳ್ಳಲು ಬರುತ್ತಾರೆ. ಗುಡಿಯ ಮುಂದೆ ತಾಯಂದಿರು ಬುಟ್ಟಿ ಇಳಿಸಿ ರೊಟ್ಟಿ, ಕಾಳುಪಲ್ಯ, ಮೊಸರು ಮಾರುತ್ತಾರೆ. ತಿರುಗುವ ತೊಟ್ಟಿಲು, ಸಾವಿನ ಬಾವಿ, ನಗೆಗನ್ನಡಿ, ನಾಗಕನ್ಯೆ, ಎಲ್ಲವೂ ಅಲ್ಲಿವೆ. ಹತ್ತಿ ಬಿಡಿಸುವಾಕೆ ಅಲ್ಲಿಗೆ ಬರುತ್ತಾಳೆ, ಕುರಿ ಕಾಯುವವನು ಬರುತ್ತಾನೆ, ಐದನೆಯ ಇಯತ್ತೆಗೆ ಶಾಲೆ ಬಿಟ್ಟ ಹುಡುಗ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರುತ್ತಾನೆ. ದುಡಿದ ಮೈಗೆ ಎಣ್ಣೆ ಹಚ್ಚಿ, ಹೊಸ ಸೀರೆ ಉಟ್ಟು, ನೋಡಲಿಕ್ಕೆಂದೇ ಬರುವ ಜನ ಅವರು. ವಿಜ್ಞಾನಕ್ಕೆ ಇದಕ್ಕಿಂತ ಒಳ್ಳೆಯ ಪ್ರೇಕ್ಷಕರು ಎಲ್ಲಿ ಸಿಗುತ್ತಾರೆ?

ನನಗೆ ವಿಜ್ಞಾನದ ಗೀಳು ಹಿಡಿಸಿದ್ದು ಶಾಲೆಯಲ್ಲ, ಇದೇ ಜಾತ್ರೆ. ಅಪ್ಪ ಗುಳೇದಗುಡ್ಡದಲ್ಲಿ ಖಣ ನೇಯುತ್ತಿದ್ದರು. ನನಗೆ ಒಂಬತ್ತು ವರ್ಷವಿದ್ದಾಗ ತೇರಿನ ಮರುದಿನ ನನಗೊಂದು ತಗಡಿನ ದೋಣಿ ಕೊಡಿಸಿದರು. ನೀವೂ ನೋಡಿರುತ್ತೀರಿ. ಒಳಗೆ ಎಣ್ಣೆಯ ಬತ್ತಿ ಹಚ್ಚಿ ಪರಾತದ ನೀರಿನಲ್ಲಿ ಬಿಟ್ಟರೆ ಪಟಪಟ ಸದ್ದು ಮಾಡುತ್ತ ತಾನೇ ಸುತ್ತು ಹಾಕುವ ಆಟಿಕೆ. ಕೀಲಿಯಿಲ್ಲ, ಚಕ್ರವಿಲ್ಲ, ಹುಟ್ಟಿಲ್ಲ, ಆದರೂ ಓಡುತ್ತದೆ! ಹೆಂಗ ಓಡತೈತಿ ಎಂದು ಅಪ್ಪನನ್ನು ಕೇಳಿದೆ. "ಒಳಗ ಉಗಿ ಐತಿ, ಬಿಚ್ಚಿ ನೋಡು" ಅಂದರು. ದುಡ್ಡು ಕೊಟ್ಟು ತಂದ ಸಾಮಾನನ್ನು ಬಿಚ್ಚಿ ನೋಡು ಎಂದ ತಂದೆಯನ್ನು ನಾನು ಇವತ್ತಿಗೂ ನೆನೆಯುತ್ತೇನೆ. ಬಿಚ್ಚಿದೆ. ಒಳಗೆ ಬೆರಳಗಲದ ಒಂದು ಚಪ್ಪಟೆ ಡಬ್ಬಿ, ಅದರಿಂದ ಹಿಂದಕ್ಕೆ ಎರಡು ಸಣ್ಣ ಕೊಳವೆ, ಅಷ್ಟೇ. ಅರ್ಥವಾಗಲಿಲ್ಲ. ಅರ್ಥವಾದದ್ದು ಕಾಲೇಜಿನಲ್ಲಿ. ಬತ್ತಿಯ ಕಾವಿಗೆ ಡಬ್ಬಿಯ ನೀರು ಉಗಿಯಾಗಿ ಕೊಳವೆಯ ನೀರನ್ನು ಹಿಂದಕ್ಕೆ ಒದೆಯುತ್ತದೆ, ಮರುಕ್ಷಣ ಆ ಉಗಿ ತಣಿದು ಹೊರಗಿನ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೊರಕ್ಕೆ ಚಿಮ್ಮುವ ನೀರು ಒಂದೇ ನೇರದಲ್ಲಿ ಹೋಗುತ್ತದೆ. ಒಳಕ್ಕೆ ಬರುವ ನೀರು ಕೊಳವೆಯ ಬಾಯಿಯ ಸುತ್ತಲ ಎಲ್ಲ ಕಡೆಯಿಂದ ನುಗ್ಗುತ್ತದೆ. ಅದಕ್ಕೇ ದೋಣಿ ಹಿಂದೆ ಮುಂದೆ ತೊನೆಯದೆ ಮುಂದಕ್ಕೇ ಸಾಗುವುದು. ಥಾಮಸ್ ಪಿಯೋ ಎಂಬಾತ 1891ರಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೆ ಪೇಟೆಂಟ್ ಪಡೆದಿದ್ದ ಎಂಬುದು ಇನ್ನೂ ತಡವಾಗಿ ತಿಳಿಯಿತು. ಉಗಿಯ ಎಂಜಿನ್ನೊಂದನ್ನು ನಮ್ಮ ಜಾತ್ರೆ ನೂರು ವರ್ಷಕ್ಕೂ ಹಳೆಯ ಆ ವಿದ್ಯೆಯ ಸಮೇತ, ಶಾಲೆಯ ಮುಖ ನೋಡದ ಮಗುವಿನ ಕೈಗೂ ಇಡುತ್ತಿದೆ. ಅದರ ಪಕ್ಕದಲ್ಲಿ ನಿಂತು, ಬಿಚ್ಚಿ ನೋಡಿದ ಮಗುವಿಗೆ ಮುಂದಿನ ಮಾತು ಹೇಳುವವರು ಮಾತ್ರ ಯಾರೂ ಇಲ್ಲ. ಆ ಜಾಗ ಖಾಲಿ ಇದೆ. ನೀವು ಬರಬೇಕಾದದ್ದು ಅಲ್ಲಿಗೆ.

ಜಾತ್ರೆ ಅಂದರೆ ಗದ್ದಲ, ಮೂಢನಂಬಿಕೆ, ಅಗ್ಗದ ಮೋಜು, ಅಲ್ಲಿ ಪ್ರಯೋಗದ ಮಾತು ಯಾರು ಕೇಳುತ್ತಾರೆ ಎಂದು ನಿಮ್ಮಲ್ಲಿ ಕೆಲವರು ನನ್ನ ಮುಂದೆಯೇ ಅಂದದ್ದುಂಟು. ಅದಕ್ಕೆ ಉತ್ತರವಾಗಿ ನಾಗಕನ್ಯೆಯ ಡೇರೆಯ ಕಥೆ ಹೇಳುತ್ತೇನೆ. ಹುಡುಗಿಯ ತಲೆ, ಹಾವಿನ ಮೈ, ಇಲ್ಲವೇ ಮೇಜಿನ ಮೇಲೆ ದೇಹವೇ ಇಲ್ಲದ ಬರೀ ತಲೆ. ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ತಲೆ. ನಮ್ಮ ಜನ ಬಾಯಿಬಿಟ್ಟು ನೋಡುವ ಈ ಆಟ ಹುಟ್ಟಿದ್ದು ವಿಜ್ಞಾನದ ಮನೆಯ ಅಂಗಳದಲ್ಲೇ. ಲಂಡನ್ನಿನ ರೀಜೆಂಟ್ ಸ್ಟ್ರೀಟಿನಲ್ಲಿ ರಾಯಲ್ ಪಾಲಿಟೆಕ್ನಿಕ್ ಎಂಬ ಸಂಸ್ಥೆಯಿತ್ತು. ದುಡ್ಡು ಕೊಟ್ಟು ಬಂದ ಸಾಮಾನ್ಯ ಜನಕ್ಕೆ ರಸಾಯನ, ವಿದ್ಯುತ್ತು, ಬೆಳಕುಗಳ ಉಪನ್ಯಾಸ ಕೊಡುತ್ತಿದ್ದ ಜಾಗ ಅದು. ಅಲ್ಲಿನ ಪ್ರೊಫೆಸರ್ ಜಾನ್ ಹೆನ್ರಿ ಪೆಪ್ಪರ್ 1862ರ ಕ್ರಿಸ್‌ಮಸ್ ಹಿಂದಿನ ರಾತ್ರಿ ರಂಗದ ಮೇಲೆ ದೆವ್ವ ತೋರಿಸಿದರು. ಹೆನ್ರಿ ಡರ್ಕ್ಸ್ ಎಂಬ ಎಂಜಿನಿಯರನ ಉಪಾಯವನ್ನು ತಿದ್ದಿ ಮಾಡಿದ್ದು. ಓರೆಯಾಗಿ ನಿಲ್ಲಿಸಿದ ದೊಡ್ಡ ಗಾಜು, ಪ್ರೇಕ್ಷಕರಿಗೆ ಕಾಣದ ತಗ್ಗಿನಲ್ಲಿ ಬೆಳಕು ಚೆಲ್ಲಿಸಿಕೊಂಡು ನಿಂತ ನಟ. ಗಾಜಿನಲ್ಲಿ ಮೂಡಿದ ಅವನ ಬಿಂಬ ರಂಗದ ಮೇಲಿನ ನಟರ ನಡುವೆ ಓಡಾಡಿದಂತೆ ಕಾಣುತ್ತಿತ್ತು. ರೈಲಿನ ಕಿಟಕಿಯಲ್ಲಿ ರಾತ್ರಿ ನಮ್ಮ ಮುಖವೂ ಹೊರಗಿನ ದೀಪವೂ ಒಟ್ಟಿಗೆ ಕಾಣುತ್ತವಲ್ಲ, ಅದೇ. ಮೂರು ವರ್ಷಗಳ ಮೇಲೆ, 1865ರಲ್ಲಿ, ಅದೇ ಸಂಸ್ಥೆಯ ಒಡನಾಟದ ಥಾಮಸ್ ಟೋಬಿನ್ ಮೇಜಿನ ಕಾಲುಗಳ ನಡುವೆ ಎರಡು ಕನ್ನಡಿಗಳನ್ನು ಕೋನ ಹಿಡಿದು ನಿಲ್ಲಿಸಿದರು. ಅಕ್ಕಪಕ್ಕದ ಪರದೆ ಕನ್ನಡಿಯಲ್ಲಿ ಮೂಡಿ ಹಿಂದಿನ ಪರದೆಯಂತೆಯೇ ತೋರುತ್ತದೆ. ಮೇಜಿನ ಕೆಳಗೆ ಬರಿದು ಎಂದು ಕಣ್ಣು ನಂಬುತ್ತದೆ. ದೇಹ ಕನ್ನಡಿಗಳ ಹಿಂದಿರುತ್ತದೆ. ಬ್ರಿಟನ್ನಿನ ಜಾತ್ರೆಯವರು ಪೆಪ್ಪರನ ದೆವ್ವವನ್ನು ಡೇರೆಗೆ ಇಳಿಸಿಕೊಂಡು ಊರೂರು ತಿರುಗಿದರು. ಅಂಥ ದೆವ್ವದ ಡೇರೆಗಳವರಲ್ಲಿ ಒಬ್ಬನಾದ ರಾಂಡಲ್ ವಿಲಿಯಮ್ಸ್ 1896ರ ಕೊನೆಗೆ ಚಲಿಸುವ ಚಿತ್ರ ತೋರಿಸತೊಡಗಿದ. ಸಿನಿಮಾ ಎಂಬ ಹೊಸ ವಿದ್ಯೆ ಬಹಳಷ್ಟು ಜನರಿಗೆ ಮೊದಲು ಕಂಡದ್ದು ಇಂಥ ಡೇರೆಗಳಲ್ಲಿ. ನಮ್ಮ ದಕ್ಷಿಣದಲ್ಲೂ ತಿರುಚಿರಾಪಳ್ಳಿಯ ರೈಲ್ವೆ ಗುಮಾಸ್ತ ಸ್ವಾಮಿಕಣ್ಣು ವಿನ್ಸೆಂಟ್ 1905ರಲ್ಲಿ ಫ್ರೆಂಚನೊಬ್ಬನ ಯಂತ್ರ ಕೊಂಡು ಡೇರೆ ಹೊತ್ತು ಊರೂರು ತಿರುಗಿದರು. ನಮ್ಮ ಟೂರಿಂಗ್ ಟಾಕೀಸುಗಳು ಆ ಸಾಲಿನವೇ.

ಈ ಮೇಜಿನ ಕನ್ನಡಿಯ ಗುಟ್ಟು ನನಗೆ ಗೊತ್ತಿತ್ತು. ಆ ಗೊತ್ತಿರುವಿಕೆಯಿಂದ ನಾನೊಂದು ತಪ್ಪು ಮಾಡಿದ್ದೇನೆ. ನೌಕರಿಗೆ ಸೇರಿದ ಎರಡನೆಯ ವರ್ಷ ಹುಡುಗರನ್ನು ಕರೆದುಕೊಂಡು ಆ ಡೇರೆಗೆ ಹೋದೆ. ಆಟ ನಡೆಯುತ್ತಿರುವಾಗಲೇ ಗಟ್ಟಿ ದನಿಯಲ್ಲಿ, ಕೆಳಗೆ ಕನ್ನಡಿ ಇದೆ, ನಲವತ್ತೈದು ಡಿಗ್ರಿ ಕೋನದಲ್ಲಿದೆ, ಆಕೆ ಅದರ ಹಿಂದೆ ಕೂತಿದ್ದಾಳೆ ಎಂದು ವಿವರಿಸಿಬಿಟ್ಟೆ. ಮಂದಿ ನಕ್ಕರು. ಹೊರಗೆ ಸಾಲಿನಲ್ಲಿ ನಿಂತಿದ್ದವರಿಗೂ ಸುದ್ದಿ ಹೋಯಿತು. ಡೇರೆ ಖಾಲಿಯಾಯಿತು. ರಾತ್ರಿ ಹತ್ತರ ಸುಮಾರಿಗೆ ಆ ಡೇರೆಯ ಯಜಮಾನ ನನ್ನನ್ನು ಹುಡುಕಿಕೊಂಡು ಬಂದ. ಬೈಯಲಿಲ್ಲ. "ಮಾಸ್ತರ, ನಿಮಗ ತಿಂಗಳಾ ಪಗಾರ ಬರತೈತಿ. ನಮ್ಮ ಪಗಾರ ಆ ಕನ್ನಡ್ಯಾಗ ಐತಿ" ಎಂದಷ್ಟೇ ಅಂದ. ಆ ತಲೆಯಾಗಿ ಕೂತಿದ್ದ ಹುಡುಗಿ ಅವನ ಮಗಳು. ದಿನಕ್ಕೆ ನಲವತ್ತು ಆಟ, ಆಟಕ್ಕೆ ಹತ್ತು ನಿಮಿಷ, ಮೊಣಕಾಲು ಮಡಿಸಿಕೊಂಡು.

ಮರುದಿನ ಬೆಳಿಗ್ಗೆ ನಾನೇ ಅವನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವನು ನನ್ನನ್ನು ಒಳಗೆ ಕರೆದು ಕೂರಿಸಿದ. ಆ ಒಂದು ತಾಸಿನಲ್ಲಿ ಬೆಳಕಿನ ಬಗ್ಗೆ ಕಲಿತಷ್ಟನ್ನು ನಾನು ಪದವಿಯ ಮೂರು ವರ್ಷದಲ್ಲಿ ಕಲಿತಿರಲಿಲ್ಲ. ಪ್ರೇಕ್ಷಕರ ಮುಂದೆ ಹಗ್ಗ ಕಟ್ಟುವುದು ಗದ್ದಲ ತಡೆಯಲಿಕ್ಕಲ್ಲ, ಹಗ್ಗ ದಾಟಿ ಒಂದು ಹೆಜ್ಜೆ ಮುಂದೆ ಬಂದರೆ ಅವರದೇ ಕಾಲು ಕನ್ನಡಿಯಲ್ಲಿ ಕಾಣುತ್ತದೆ ಎಂಬ ಕಾರಣಕ್ಕೆ. ಅಡಿಗೆ ಹಾಸಿದ ಬಟ್ಟೆಗೆ ಗೆರೆ ಇರಬಾರದು, ಇದ್ದರೆ ಕನ್ನಡಿಯ ಬುಡದಲ್ಲಿ ಗೆರೆ ಮುರಿದು ಗುಟ್ಟು ಒಡೆಯುತ್ತದೆ. ಎರಡೂ ಪಕ್ಕದ ಪರದೆಯ ಮೇಲೆ ಬೀಳುವ ಬೆಳಕು ಹಿಂದಿನ ಪರದೆಯ ಮೇಲಿನ ಬೆಳಕಿಗೆ ಸಮನಾಗಿರಬೇಕು. ಅದಕ್ಕೆ ಅವನು ಬಲ್ಬಿನ ದೂರವನ್ನು ಗೇಣಿನಿಂದ ಅಳೆಯುತ್ತಿದ್ದ. ದಿನಕ್ಕೆ ಮೂರು ಸಲ ಕನ್ನಡಿಯನ್ನು ಕಾಗದದಿಂದ ಒರೆಸುತ್ತಿದ್ದ. ಒಂದು ಬೆರಳ ಗುರುತು ಸಾಕು, ಶೂನ್ಯದಲ್ಲಿ ತೇಲುವ ಬೆರಳು ಕಂಡು ಆಟ ಕೆಡುತ್ತದೆ. ಪ್ರತಿಫಲನದ ನಿಯಮ ಎಂಬ ಮಾತನ್ನೇ ಅವನು ಕೇಳಿರಲಿಲ್ಲ. ನಿಯಮ ಮಾತ್ರ ಅವನ ಕೈಯಲ್ಲಿತ್ತು.

ಆದ್ದರಿಂದ ಜಾತ್ರೆಗೆ ಬಂದಾಗ ಅವರ ಗುಟ್ಟು ಬಯಲು ಮಾಡಲೆಂದು ಬರಬೇಡಿ. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ದೇವರ ಹೆಸರಲ್ಲಿ ಬೂದಿ ಉದುರಿಸಿ ರೋಗ ವಾಸಿ ಮಾಡುತ್ತೇನೆನ್ನುವವನ ಮಾತು ಬೇರೆ. ಅವನನ್ನು ಬಯಲು ಮಾಡಲೇಬೇಕು. ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದ್ದು ಅದಕ್ಕೇ. ಹತ್ತು ರೂಪಾಯಿಗೆ ಹತ್ತು ನಿಮಿಷ ಬೆರಗು ಕೊಡುವ ಆಟದವನು ಯಾರ ಕಾಯಿಲೆಯನ್ನೂ ಗುಣಮಾಡುತ್ತೇನೆಂದಿಲ್ಲ. ಅವನ ಡೇರೆಯ ಪಕ್ಕದಲ್ಲಿ ನಿಮ್ಮ ಡೇರೆ ಹಾಕಿ. ನಿಮ್ಮದೇ ಕನ್ನಡಿ, ನಿಮ್ಮದೇ ಗಾಜು ತನ್ನಿ. ಅಲ್ಲಿ ಬೆರಗಾಗಿ ಬಂದವನು ಇಲ್ಲಿ ಕನ್ನಡಿಯನ್ನು ತನ್ನ ಕೈಯಿಂದ ತಿರುಗಿಸಿ ನೋಡಲಿ, ನಾಗಕನ್ಯೆಯ ಹೆಸರೆತ್ತುವ ಅಗತ್ಯವೇ ಇಲ್ಲ. ನಡೆದು ಮನೆಗೆ ಹೋಗುವಾಗ ಅವನಿಗೆ ತಾನೇ ಹೊಳೆಯುತ್ತದೆ. ಹೀಗೆ ಹೊಳೆದದ್ದು ಅವನದಾಗುತ್ತದೆ.

ಜಾತ್ರೆ ವಿಜ್ಞಾನವನ್ನು ಹರಡಿತು ಎಂಬಲ್ಲಿಗೆ ಮಾತು ಮುಗಿಯುವುದಿಲ್ಲ. ವಿಜ್ಞಾನ ತಾನೇ ಕೈಬಿಟ್ಟದ್ದನ್ನು ಜಾತ್ರೆ ಎತ್ತಿಕೊಂಡ ಒಂದು ಪ್ರಸಂಗವಿದೆ. ಅದನ್ನು ಓದಿದಾಗ ನನ್ನ ಕಣ್ಣು ತುಂಬಿತ್ತು, ನೀವೂ ಕೇಳಬೇಕು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳ ಕಥೆ ಅದು. 1880ರ ಹೊತ್ತಿಗೆ ಪ್ಯಾರಿಸಿನ ಹೆರಿಗೆ ವೈದ್ಯ ಸ್ಟೆಫಾನ್ ಟಾರ್ನಿಯೇ ಅಲ್ಲಿನ ಪ್ರಾಣಿವನದಲ್ಲಿ ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ಕಂಡರು. ಮರಿಗೆ ಆಗುವುದಾದರೆ ಮಗುವಿಗೇಕೆ ಆಗಬಾರದು ಎಂದು ಹಾಗೆಯೇ ಒಂದನ್ನು ಮಾಡಿಸಿದರು. ಒಳ್ಳೆಯ ಫಲ ಕಂಡಿತು. ಆದರೆ ಅಮೆರಿಕದ ಆಸ್ಪತ್ರೆಗಳು ಬಹುಕಾಲ ಅದಕ್ಕೆ ಮನಸ್ಸು ಮಾಡಲಿಲ್ಲ. ಖರ್ಚು ಹೆಚ್ಚು, ಉಳಿಯುವ ಭರವಸೆ ಕಡಿಮೆ, ಹುಟ್ಟಾ ದುರ್ಬಲ ಮಗು ಹೋದರೆ ಹೋಗಲಿ ಎಂಬ ಭಾವವೂ ಇತ್ತು. ಆಗ ಮಾರ್ಟಿನ್ ಕೂನಿ ಎಂಬಾತ ಆ ಪೆಟ್ಟಿಗೆಗಳನ್ನು ಮಕ್ಕಳ ಸಮೇತ ಜಾತ್ರೆಗೆ ತಂದ. 1896ರಲ್ಲಿ ಬರ್ಲಿನ್ ಪ್ರದರ್ಶನದಲ್ಲಿ ಶುರುವಾದದ್ದು 1903ರಿಂದ ನ್ಯೂಯಾರ್ಕಿನ ಕೋನಿ ಐಲ್ಯಾಂಡ್ ಎಂಬ ಕಡಲತಡಿಯ ಮೋಜಿನ ಬಯಲಿನಲ್ಲಿ ನೆಲೆಯಾಯಿತು. ಉರುಳುಬಂಡಿ, ಬಣ್ಣದ ದೀಪ, ಕೂಗುವ ಮಂದಿ, ಅವುಗಳ ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಅಂಗೈಯಗಲದ ಹಸುಗೂಸುಗಳು. ಒಳಗೆ ಬರಲು 25 ಸೆಂಟು. ಆ ದುಡ್ಡಿನಿಂದ ದಾದಿಯರ ಸಂಬಳ, ಹಾಲು, ಕಾವು. ತಂದೆತಾಯಿಯರಿಂದ ಒಂದು ಬಿಡಿಗಾಸನ್ನೂ ಆತ ತೆಗೆದುಕೊಳ್ಳಲಿಲ್ಲ. ಬಡವರ ಮಗು, ಕರಿಯರ ಮಗು ಎಂಬ ಭೇದ ಇರಲಿಲ್ಲ. ಮಗು ಎಷ್ಟು ಸಣ್ಣದೆಂದು ತೋರಿಸಲು ದಾದಿಯೊಬ್ಬಳು ತನ್ನ ಬೆರಳಿನ ಉಂಗುರ ತೆಗೆದು ಮಗುವಿನ ಮುಂಗೈಗೆ ತೊಡಿಸುತ್ತಿದ್ದಳಂತೆ. ಆತನ ಸ್ವಂತ ಮಗಳೇ ಅವಧಿಗೆ ಮುಂಚೆ ಹುಟ್ಟಿ ಅದೇ ಪೆಟ್ಟಿಗೆಗಳಲ್ಲಿ ಬದುಕಿ, ಮುಂದೆ ದಾದಿಯಾದಳು. ಸುಮಾರು ನಲವತ್ತು ವರ್ಷ, 1943ರವರೆಗೆ, ಅದು ನಡೆಯಿತು. ತನ್ನಲ್ಲಿಗೆ ಬಂದ ಎಂಟು ಸಾವಿರದಷ್ಟು ಮಕ್ಕಳಲ್ಲಿ ಆರೂವರೆ ಸಾವಿರ ಮಕ್ಕಳು ಬದುಕಿದವು ಎಂಬುದು ಆತ ಇಟ್ಟ ಲೆಕ್ಕ. ಅಷ್ಟರಲ್ಲಿ ಆಸ್ಪತ್ರೆಗಳೂ ಅಂಥ ಮಕ್ಕಳಿಗೆ ಪ್ರತ್ಯೇಕ ವಾರ್ಡು ತೆರೆಯತೊಡಗಿದ್ದವು.

ಕೂನಿ ಡಾಕ್ಟರ್ ಎಂದು ಕರೆಸಿಕೊಳ್ಳುತ್ತಿದ್ದ. ಆದರೆ ಆತನ ವೈದ್ಯ ಪದವಿಗೆ ಪುರಾವೆ ಸಿಕ್ಕಿಲ್ಲ. ಮಕ್ಕಳನ್ನು ಪ್ರದರ್ಶನಕ್ಕಿಡುವುದು ಸರಿಯೇ ಎಂಬ ಪ್ರಶ್ನೆ ಆಗಲೂ ಇತ್ತು, ನನ್ನಲ್ಲೂ ಇದೆ. ಇಂದು ಯಾರೂ ಹಾಗೆ ಮಾಡಕೂಡದು. ಆದರೂ ಆ ಬಯಲಿನಲ್ಲಿ ಸಾಲು ಹಿಡಿದು ನಿಂತ ಮಂದಿಯ ಇಪ್ಪತ್ತೈದು ಸೆಂಟು ಒಂದೊಂದು ಉಸಿರನ್ನೂ ಉಳಿಸಿತು. ಸಣ್ಣದಾಗಿ ಹುಟ್ಟಿದ ಮಗುವೂ ಬದುಕಬಲ್ಲದು ಎಂಬ ಮಾತು ಮನೆಮನೆಗೆ ಹೋದದ್ದು ಹಾಗೆ ನೋಡಿದವರ ಬಾಯಿಂದ. ನಮ್ಮ ಊರಿನ ಅಜ್ಜಿಯರು ಇವತ್ತಿಗೂ "ಎಂಟು ತಿಂಗಳ ಕೂಸು ಉಳಿಯೂದಿಲ್ಲ" ಅನ್ನುತ್ತಾರೆ. ಬೆಚ್ಚಗೆ ತಾಯಿಯ ಎದೆಗವುಚಿ ಇಟ್ಟುಕೊಂಡರೆ ಉಳಿಯುತ್ತದೆ ಎಂದು ಒಂದು ಗೊಂಬೆ, ಒಂದು ಸೆರಗು ಹಿಡಿದು ಜಾತ್ರೆಯಲ್ಲಿ ತೋರಿಸಬಾರದೇ? ಅದಕ್ಕೆ ವಿದ್ಯುತ್ತೂ ಬೇಡ. ಕೇಳಬೇಕಾದ ಅಜ್ಜಿ ಶಾಲೆಯ ಕಾಂಪೌಂಡಿಗೆ ಬರುವುದಿಲ್ಲ, ತೇರಿಗೆ ಬರುತ್ತಾಳೆ.

ಅಪಾಯದ ಮಾತನ್ನೂ ಬಚ್ಚಿಡುವುದಿಲ್ಲ. ರಾಂಟ್‌ಜೆನ್ 1895ರ ನವೆಂಬರಿನಲ್ಲಿ ಎಕ್ಸ್-ರೇ ಕಂಡ. ಮುಂದಿನ ವರ್ಷವೇ ಪ್ರದರ್ಶನಗಳಲ್ಲಿ ಜನ ತಮ್ಮ ಕೈಯ ಎಲುಬು ತಾವೇ ನೋಡತೊಡಗಿದರು. ನ್ಯೂಯಾರ್ಕಿನಲ್ಲಿ ಎಡಿಸನ್ ಹಾಗೆ ತೋರಿಸಿದ. ಆತನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಪರೀಕ್ಷೆಗಾಗಿ ತನ್ನ ಕೈಯನ್ನೇ ಮತ್ತೆ ಮತ್ತೆ ಕಿರಣಕ್ಕೊಡ್ಡಿ, ಕೈಗಳನ್ನು ಕಳೆದುಕೊಂಡು, 1904ರಲ್ಲಿ ತೀರಿಕೊಂಡ. ಬೆರಗಿನ ಮೋಹದಲ್ಲಿ ಎಚ್ಚರ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಆ ಸಾವು ಸಾಕ್ಷಿ. ನಮ್ಮ ಜಾತ್ರೆಗಳಲ್ಲೂ ಬಲೂನು ಮಾರುವವರು ಅಲ್ಯೂಮಿನಿಯಂ ಚೂರಿಗೆ ಕಾಸ್ಟಿಕ್ ಸೋಡಾ ಬೆರೆಸಿ ಹಳೆಯ ಸಿಲಿಂಡರಿನಲ್ಲೇ ಜಲಜನಕ ತಯಾರಿಸುವುದುಂಟು. ಆ ಬೆರಕೆ ಬಿಸಿಯಾಗುತ್ತ ಹೋಗುತ್ತದೆ, ತುಕ್ಕು ಹಿಡಿದ ಕಬ್ಬಿಣ ಒತ್ತಡ ತಡೆಯುವುದಿಲ್ಲ, ಒಂದು ಬೀಡಿಯ ಕಿಡಿ ಸಾಕು. ಸಿಲಿಂಡರ್ ಸಿಡಿದು ಮಕ್ಕಳು ಸತ್ತ ಸುದ್ದಿ ನಾವು ಓದುತ್ತಲೇ ಇದ್ದೇವೆ. ಆ ಬಲೂನಿನವನಿಗೆ ಹೀಲಿಯಂ ಏಕೆ ಉರಿಯುವುದಿಲ್ಲ, ಜಲಜನಕವೇಕೆ ಉರಿಯುತ್ತದೆ ಎಂದು ಹೇಳುವವರು ಪೊಲೀಸರಿಗಿಂತ ಮೊದಲು ನೀವಾಗಬೇಕು.

ಇನ್ನು ನೆಟ್ಟಗಿನ ಹಲಗೆಯ ಗೋಡೆಯ ಮೇಲೆ ಮೋಟಾರ್ ಸೈಕಲ್ ಸುತ್ತುವ ಸಾವಿನ ಬಾವಿ. ಬೋರ್ಡಿನ ಮೇಲೆ ಮೌತ್ ಕಾ ಕುವಾ ಎಂದಿರುತ್ತದೆ. ಆ ಬಾವಿಯ ಅಗಲ ಹತ್ತು ಮೀಟರು, ಟೈರಿಗೂ ಹಲಗೆಗೂ ನಡುವಿನ ಘರ್ಷಣೆಯ ಗುಣಾಂಕ 0.8 ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 28 ಕಿಲೋಮೀಟರಿಗಿಂತ ವೇಗ ಇಳಿದರೆ ಗಾಡಿ ಜಾರಬೇಕು. 40ರಲ್ಲಿ ಓಡಿಸಿದರೆ ಸವಾರನ ಮೈ ತನ್ನ ತೂಕದ ಎರಡೂವರೆ ಪಟ್ಟಿಗಿಂತ ಹೆಚ್ಚು ಭಾರವಾಗುತ್ತದೆ. ಹತ್ತನೆಯ ತರಗತಿಗೆ ನಾನು ಈ ಲೆಕ್ಕ ಕೊಡುತ್ತಿದ್ದೆ. ಒಮ್ಮೆ ಒಬ್ಬ ಸವಾರನನ್ನೇ ಶಾಲೆಗೆ ಕರೆತಂದೆ. ಆತ ಹಲಗೆಯ ಮುಂದೆ ನಿಂತು ಹೇಳಿದ್ದು ಎರಡೇ ಮಾತು: "ಗ್ಯಾಸ್ ಬಿಡಬಾರದು, ಕೆಳಗ ನೋಡಬಾರದು. ಮೊದಲಿಗೆ ಓರೆ ಹಲಗಿ ಮ್ಯಾಲ ಸುತ್ತು ಹೊಡದು ಜೋರು ಹಿಡದ ಮ್ಯಾಲನ ಗ್ವಾಡಿ ಏರಬೇಕು." ವೇಗವಿಲ್ಲದೆ ಗೋಡೆ ಹಿಡಿಯಲಾಗದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪಠ್ಯವೂ ನನ್ನ ಮಕ್ಕಳಿಗೆ ಹೇಳಿಲ್ಲ. ನಿಮ್ಮ ಬಸ್ಸಿನಲ್ಲಿ ಒಂದು ಆಸನ ಅಂಥವರಿಗೂ ಇರಲಿ, ದಿನದ ಕೂಲಿ ಕೊಟ್ಟು.

ಎಲ್ಲಕ್ಕಿಂತ ಹೆಚ್ಚಾಗಿ ರಾತ್ರಿಗೆ ಬನ್ನಿ ಅನ್ನುವುದು ಆಕಾಶದ ಕಾರಣಕ್ಕೆ. ನಮ್ಮ ರೈತರಿಗೆ ಮಳೆಯ ಹೆಸರೆಲ್ಲ ಬಾಯಿಪಾಠ. ಮಿರಗಾ ಮಳೆ, ಆರಿದ್ರಾ ಮಳೆ. ಆದರೆ ಮೃಗಶಿರ ಎಲ್ಲಿದೆ, ಆರ್ದ್ರೆ ಎಲ್ಲಿದೆ ಎಂದು ಕೇಳಿದರೆ ಬಹಳ ಮಂದಿ ತೋರಿಸಲಾರರು. ತಪ್ಪು ಅವರದಲ್ಲ. ಜೂನಿನಲ್ಲಿ ಸೂರ್ಯನೇ ಆ ನಕ್ಷತ್ರಗಳ ಹತ್ತಿರ ಬಂದಿರುತ್ತಾನೆ, ಮಳೆಗೆ ಆ ಹೆಸರು ಬಂದದ್ದೇ ಅದರಿಂದ. ಆಗ ಅವು ಹಗಲಿನ ಬೆಳಕಿನಲ್ಲಿ ಮುಳುಗಿರುತ್ತವೆ. ಬಿತ್ತುವ ಹೊತ್ತಿಗೆ ಯಾವ ನಕ್ಷತ್ರದ ಹೆಸರು ಹೇಳಿ ಮುಗಿಲು ನೋಡುತ್ತಾರೋ ಅದೇ ನಕ್ಷತ್ರ ಆ ದಿನಗಳಲ್ಲಿ ಕಾಣದು. ಆರು ತಿಂಗಳು ಕಳೆದು, ಬೆಳೆ ಕೈಗೆ ಬಂದು, ಬನದ ಹುಣ್ಣಿಮೆಯ ಜಾತ್ರೆಗೆ ಬರುವಾಗ ಅವೆಲ್ಲ ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ ನೆತ್ತಿಯ ಹತ್ತಿರ, ತುಸು ದಕ್ಷಿಣಕ್ಕೆ, ಮೂರು ಚುಕ್ಕೆಯ ಸಾಲಿನ ಸುತ್ತ ನಿಂತಿರುತ್ತವೆ. ಕೆಂಪಗೆ ಉರಿಯುವುದು ಆರ್ದ್ರೆ. ಅದನ್ನು ತಂದು ನಮ್ಮ ಸೂರ್ಯನ ಜಾಗದಲ್ಲಿಟ್ಟರೆ ಭೂಮಿಯನ್ನೂ ಮಂಗಳನ ದಾರಿಯನ್ನೂ ನುಂಗುವಷ್ಟು ದೊಡ್ಡದು. ಹುಣ್ಣಿಮೆಯ ಚಂದ್ರ ಅಂದು ಪುಷ್ಯ ನಕ್ಷತ್ರದ ಹತ್ತಿರವಿರುತ್ತಾನೆ, ತಿಂಗಳಿಗೆ ಪುಷ್ಯವೆಂದು ಹೆಸರು ಬಂದದ್ದು ಹಾಗೆ. ಇಷ್ಟನ್ನು ಬೆರಳು ಮಾಡಿ ತೋರಿಸಲು ಯಂತ್ರ ಬೇಕಿಲ್ಲ. ತೊಟ್ಟಿಲಿನ ದೀಪಗಳಿಂದ ತುಸು ದೂರ, ಹೊಲದ ಬದುವಿನ ಮೇಲೆ ಒಂದು ಕಂಬಳಿ ಹಾಸಿದರೆ ಸಾಕು.

ದೂರದರ್ಶಕ ತರುವುದಾದರೆ ತೇರಿನ ದಿನ ಬೇಡ. ತುಂಬು ಚಂದ್ರ ಕಣ್ಣಿಗೆ ಚೆಂದ, ದೂರದರ್ಶಕಕ್ಕೆ ಚಪ್ಪಟೆ, ನೆರಳೇ ಇರುವುದಿಲ್ಲ. ತೇರು ಕಳೆದು ಏಳೆಂಟು ದಿನಕ್ಕೆ ಬನ್ನಿ. ಅಷ್ಟು ಹೊತ್ತಿಗೆ ಅರ್ಧವಾದ ಚಂದ್ರ ನಡುರಾತ್ರಿಗೆ ಮೂಡಣದಲ್ಲಿ ಏಳುತ್ತಾನೆ. ತುಸು ಮೇಲೇರಿದ ಮೇಲೆ ಬೆಳಕು ಕತ್ತಲು ಕೂಡುವ ಗೆರೆಯ ಉದ್ದಕ್ಕೂ ಒಂದೊಂದು ಕುಳಿಯ ಅಂಚೂ ನೆರಳು ಚೆಲ್ಲಿ ಎದ್ದು ಕಾಣುತ್ತದೆ. ಆ ಹೊತ್ತಿಗೆ ಸರಿಯಾಗಿ ನಾಟಕಗಳ ಮೊದಲಾಟ ಬಿಡುತ್ತದೆ. ಚಹಾ ಕುಡಿಯಲು ಹೊರಬಂದ ಮಂದಿ ಚಂದ್ರನ ಬೆಟ್ಟದ ನೆರಳು ನೋಡಿ ಊರಿಗೆ ಹೋಗಲಿ.

ಜಾತ್ರೆ ಇಂಥದಕ್ಕೆ ಒಲ್ಲೆ ಅನ್ನುವುದಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ನೀರು, ಅಂಗಾಂಗ ದಾನದಂಥ ವಿಷಯ ಹಿಡಿದು ಸಾವಿರಾರು ಜನ ಜಾಥಾದಲ್ಲಿ ನಡೆಯುವುದನ್ನು ನಾಡೇ ನೋಡಿದೆ. 1987ರಲ್ಲಿ ದೇಶದ ಐದು ದಿಕ್ಕಿನಿಂದ ಹೊರಟು ಭೋಪಾಲದಲ್ಲಿ ಕೂಡಿದ ಭಾರತ ಜನವಿಜ್ಞಾನ ಜಾಥಾ ಹಾಡು, ಬೀದಿನಾಟಕ ಹೊತ್ತು ಬಂದದ್ದು ಬಯಲಿಗೇ. ಕಲ್ಕತ್ತೆಯ ಬಿರ್ಲಾ ಮ್ಯೂಸಿಯಂನಿಂದ 1965ರಲ್ಲಿ ಮೊದಲ ಸಂಚಾರಿ ಪ್ರದರ್ಶನ ಹೊರಟಾಗಲೂ ಮ್ಯೂಸಿಯಂಗೆ ಬರಲಾರದವರ ಬಳಿಗೆ ಮ್ಯೂಸಿಯಂ ಹೋಗಲಿ ಎಂಬುದೇ ಅದರ ಆಸೆ. ಶಾಲೆಗೂ ಬರಲಾರದವರ ಬಳಿಗೆ ಇನ್ನೊಂದು ಫರ್ಲಾಂಗು ಮುಂದೆ ಬನ್ನಿ ಎಂದಷ್ಟೇ ನಾನು ಬೇಡುತ್ತಿದ್ದೇನೆ.

ಬರುವ ಬನದ ಹುಣ್ಣಿಮೆಗೆ ಜಾಗದ ಮಾತು ನಾನಾಗಲೇ ಆಡಿದ್ದೇನೆ. ಬಾಗಿಲು ಚೌಕಟ್ಟಿನ ಅಂಗಡಿಗಳ ಸಾಲು ಮುಗಿಯುವಲ್ಲಿ, ನಾಟಕದ ಥಿಯೇಟರುಗಳಿಗೆ ತಿರುಗುವ ದಾರಿಯ ಬಲಕ್ಕೆ, ಬಸ್ಸು ನಿಲ್ಲುವಷ್ಟು ಗಟ್ಟಿ ನೆಲವಿದೆ. ಕರೆಂಟಿಗೆ ಚಿಂತೆ ಬೇಡ, ತೊಟ್ಟಿಲಿನವರು ತಮ್ಮ ಜನರೇಟರಿನಿಂದ ಒಂದು ವೈರು ಎಳೆದುಕೊಡಲು ಒಪ್ಪಿದ್ದಾರೆ. ಊಟಕ್ಕೆ ರೊಟ್ಟಿ ಮಾರುವ ತಾಯಂದಿರಿದ್ದಾರೆ. ಮಲಗಲು ನಮ್ಮ ಮನೆಯ ಪಡಸಾಲೆ ಇದೆ. ಪರಾತದಲ್ಲಿ ನೀರು ತುಂಬಿಟ್ಟು, ಒಂದು ಡಜನ್ ತಗಡಿನ ದೋಣಿಗಳೊಂದಿಗೆ ನಾನು ಆರು ಗಂಟೆಯಿಂದಲೇ ಅಲ್ಲಿರುತ್ತೇನೆ. ಅಂದು ಗೇಟಿನಿಂದ ಹಿಂದಿರುಗಿದ ಆ ಹೆಣ್ಣುಮಗಳಿಗೆ ಈಗ ಮೊಮ್ಮಗನಿದ್ದಾನೆ. ಹೋದ ವಾರ ಸಂತೆಯಲ್ಲಿ ಸಿಕ್ಕಾಗ, ಈ ಸಲ ರಾತ್ರಿ ಬರತೈತಿ, ಬಾಗಿಲಾ ತೆರದಿರತೈತಿ ಎಂದು ನಿಮ್ಮ ಪರವಾಗಿ ನಾನು ಮಾತು ಕೊಟ್ಟುಬಿಟ್ಟಿದ್ದೇನೆ.

ನಿಮ್ಮವ,
ಚೊಳಚಗುಡ್ಡದ ದಾರಿ ಕಾಯುತ್ತಿರುವ ಒಬ್ಬ ವಿಜ್ಞಾನದ ಮಾಸ್ತರ